ಬಿಳಿ ಏಪ್ರನ್

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಒಳಬಂದವನು ಹೋಟೆಲ್ ಮಾಲೀಕನ ಮೂಗಿಗೆ ಗುದ್ದಿ, ಕುತ್ತಿಗೆಗೆ ಚಾಕು ಹಿಡಿದ.

"ಗಲ್ಲಾ ತೆಗಿ."

"ನನ್ನ ಕೈಲಾಗಲ್ಲಪ್ಪಾ. ಹೋಟೆಲ್ ನಂದು. ಹೆಸರು, ಬೀಗ ಎಲ್ಲಾ ಕಂಪನೀದು. ಅವ್ರು ಹೆಡ್ ಆಫೀಸಿಂದ ಒತ್ತಿದ್ರೇನೇ ತೆರೆಯೋದು."

"ನಂಗೇ ಕತೆ ಹೇಳ್ತೀಯಾ?"

ಇನ್ನೊಂದು ಏಟು ಬಿತ್ತು. ರಕ್ತ ಬಿಳಿ ಏಪ್ರನ್ ಮೇಲೆ ಇಳಿಯಿತು.

ಅಷ್ಟರಲ್ಲಿ ಗಲ್ಲಾ ಮೇಲಿದ್ದ ಮಾಲೀಕನ ಮೊಬೈಲಿಗೆ ಕಂಪನಿಯ ಫೋನ್ ಬಂತು. ಮಾಲೀಕ ಮೂಲೆಯ ಕ್ಯಾಮೆರಾ ಕಡೆ ನೋಡಿದ. ಸದ್ಯ, ಬದುಕಿಕೊಂಡೆ ಅನ್ನಿಸಿತು.

"ಹೆಡ್ ಆಫೀಸು. ನಮ್ಮನ್ನ ನೋಡ್ತಾ ಇದಾರೆ."

ಕಳ್ಳ ಸ್ಪೀಕರ್ ಒತ್ತಿದ.

"ಸರ್, ನಿಮ್ಮ ಏಪ್ರನ್ ಮೇಲೆ ಕಲೆ ಕಾಣ್ತಿದೆ. ತಕ್ಷಣ ಬದಲಾಯಿಸಿ. ಇನ್ನೊಂದ್ಸಲ ಹೀಗಾದ್ರೆ ಹೋಟೆಲ್ ಮುಚ್ಚಿಸ್ತೀವಿ."

ಫೋನ್ ಕಟ್ಟಾಯಿತು.

ಕಳ್ಳ ಚಾಕು ಮಡಚಿ ಜೇಬಿಗಿಟ್ಟ. ಗೂಟದಲ್ಲಿದ್ದ ಒಗೆದ ಏಪ್ರನ್ ತಂದು ಮಾಲೀಕನಿಗೆ ತೊಡಿಸಿ, ಬೆನ್ನ ಹಿಂದೆ ಲಾಡಿ ಕಟ್ಟಿದ.