ಕುಕ್ಕರಿಗೆ ಕವೆಗೋಲು

ದ್ಯಾವಮ್ಮ ಮೈಭಾರವನ್ನೆಲ್ಲ ಬಿಟ್ಟು ಹಿಟ್ಟಿನ ಕೋಲನ್ನು ಒತ್ತಿದಳು. ಕೋಲು ಎಲ್ಲಿಯೂ ತಡೆಯದೆ ಇಳಿದು ಕುಕ್ಕರಿನ ತಳಕ್ಕೆ ಠಣ್ಣನೆ ಬಡಿಯಿತು. ಮುಂದಕ್ಕೆ ಮುಗ್ಗರಿಸಿದವಳು ನೆಲಕ್ಕೆ ಕೈಯೂರಿ ಸುಧಾರಿಸಿಕೊಂಡಳು.

ಮದುವೆಯಾದಾಗಿನಿಂದ ರಾಗಿಮುದ್ದೆ ತೊಳಸಿದ ಮೈ ಅದು. ಹಿಟ್ಟು ಎದುರು ನಿಲ್ಲಬೇಕು, ರಟ್ಟೆ ಅದನ್ನು ಮಣಿಸಬೇಕು. ಅದಕ್ಕೇ ಸೊಸೆ ಪ್ರಮೀಳಾ ಬೇಡವೆಂದರೂ ಕೇಳದೆ, ಕುಕ್ಕರು ಅಲುಗದಂತೆ ಕವೆಗೋಲು ಸಿಕ್ಕಿಸಿ, ಅದರ ತುದಿಗಳನ್ನು ಎರಡೂ ಪಾದಗಳಿಂದ ಅದುಮಿ ಕೂತಿದ್ದಳು. ಪ್ರಮೀಳಾಳ ಬಲಗೈ ಹುಟ್ಟಿನಿಂದಲೂ ಸಣಕಲು. “ಇಟ್ಟು ತೊಳ್ಸಕ್ಕಾಗ್ದೋಳು ಸಂಸಾರ ಎಂಗ್ ಮಾಡಾಳು?” ಎಂದು ಮಗನ ಮದುವೆಗೆ ಮೊದಲೇ ಅಡ್ಡ ಮಾತಾಡಿದ್ದವಳು ದ್ಯಾವಮ್ಮನೇ. ಇವತ್ತು ಆ ಸೊಸೆ, ಸಂತೆಬಾಚಹಳ್ಳಿ ಸಂತೆಯಿಂದ ತಂದ ಮುಸುಕಿನ ಜೋಳದ ನುಚ್ಚನ್ನು ನೀರು ಹಾಲು ಬೆರೆಸಿ, ತವರಿನ ಕುಕ್ಕರಿನಲ್ಲಿ ಕೂಗಿಸಿದ್ದಳು.

ದ್ಯಾವಮ್ಮ ಕೋಲೆತ್ತಿದಳು. ಹಳದಿ ನುಚ್ಚು ಕೆನೆಯ ಹಾಗೆ ನಿಧಾನವಾಗಿ ಜಾರಿ ಇಳಿಯಿತು. ಹುಡುಕಿದರೂ ಒಂದು ಗಂಟಿಲ್ಲ.

“ಇದ ಯಾರವ್ವ ತೊಳ್ಸಿದ್ದು?” ದನಿ ತಗ್ಗಿತ್ತು, ಗುಡಿಯೊಳಗೆ ಮಾತಾಡುವವರ ಹಾಗೆ.

“ಯಾರೂ ತೊಳ್ಸಿಲ್ಲ ಅತ್ತೆಮ್ಮ. ಆವಿಲೇ ಬೆಂದದೆ.”

ದ್ಯಾವಮ್ಮ ತನ್ನ ಜಡ್ಡುಗಟ್ಟಿದ ಅಂಗೈ ನೋಡಿಕೊಂಡಳು, ಮತ್ತೆ ಕುಕ್ಕರಿನೊಳಗೆ ಇಣುಕಿದಳು. ಆಮೇಲೆ ಪಾದಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಕವೆಗೋಲು ಸಡಿಲವಾಯಿತು, ಕುಕ್ಕರು ಅಲುಗಲೇ ಇಲ್ಲ.

“ಬಾರವ್ವ, ಇಲ್ ಕೂತ್ಕೊ,” ಎಂದು ಜಾಗ ಬಿಟ್ಟು, ಕೋಲನ್ನು ಸೊಸೆಯ ಆ ಸಣಕಲು ಕೈಗೇ ಕೊಟ್ಟಳು. “ಒಂದ್ಸಲ ನೀನೇ ತೊಳ್ಸು. ಕಣ್ತುಂಬ ನೋಡ್ತೀನಿ.”