ಆರನೆಯ ಬಡಾವಣೆ

ಮನೆತನದ ಬಡಾವಣೆ ಕಂಪನಿಯ ಚರಿತ್ರೆ ಬರೆಯುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂದಿತ್ತು. ಕಚೇರಿಯ ಗೋಡೆಯ ಮೇಲೆ ಹಾರ ಹಾಕಿದ ಐದು ಪಟಗಳಿದ್ದವು. ಊರಿನ ಸುತ್ತ ಆ ಐವರ ಹೆಸರಿನಲ್ಲೇ ಐದು ಬಡಾವಣೆಗಳು ಎದ್ದಿದ್ದವು.

“ಬದುಕಿರೋರ ಹೆಸರು ಯಾಕೆ ಇಟ್ಟಿಲ್ಲ ಮಾವ?”

“ನಮ್ಮಪ್ಪ ಕಂಪನಿ ಶುರುಮಾಡಿದಾಗಿಂದ ಅದೇ ಪದ್ಧತಿ ಕಣಮ್ಮ. ತೀರಿಕೊಂಡೋರ ಹೆಸರೇ ಇಡೋದು.”

“ಇವರಲ್ಲಿ ಮೂವರು ಸೊಸೆಯಂದಿರು. ಎಲ್ಲ ನನ್ನ ವಯಸ್ಸಿನೋರೇ.”

“ಹೌದು. ಸೊಸೆಯರ ಹೆಸರಿಟ್ಟ ಕಡೆ ಸೈಟುಗಳು ಬೇಗ ಮಾರಾಟ ಆಗ್ತವೆ,” ಎಂದ ಮಾವ, ಕೊನೆಯ ಪಟದ ಹಾರ ಸರಿಪಡಿಸಿ ಹೊರಗೆ ನಡೆದರು.

ಅವರು ಅತ್ತ ಹೋಗಿದ್ದೇ ಬೋರ್ಡು ಬರೆಯುವವನು ಬಾಗಿಲಲ್ಲಿ ಇಣುಕಿದ.

“ಅಮ್ಮಾವ್ರೇ, ಹೊಸ ಬಡಾವಣೆ ಕಮಾನಿಗೆ ಬರೀತಿದ್ದೀನಿ. ನಿಮ್ಮ ಹೆಸರಿಗೆ ಕೊನೇಲಿ ದೀರ್ಘ ಬರುತ್ತಾ?”