ಒಂದೇ ರನ್‌ವೇ

"ರನ್‌ವೇ ಒಡಿ ಅಂದ್ರೆ ಗಾಳಿಪಟ ಹಿಡಿಯೋಕೆ ಹೋದ್ಯಲ್ಲೋ ಅಣ್ಣ!" ಪ್ರಣಮ್ಯಾ ಮೇಜು ಗುದ್ದಿದಳು. ಮೈಲಾಪೂರಿನ ಮನೆಯ ಊಟದ ಮೇಜಿನ ಮೇಲೆ ಎದುರುಬದುರು ಎರಡು ಲ್ಯಾಪ್‌ಟಾಪ್; ಎರಡರಲ್ಲೂ ಒಂದೇ ಯುದ್ಧದ ಆಟ, ಇಬ್ಬರೂ ಒಂದೇ ಪಕ್ಷ. ಅಣ್ಣ ಮಿಥುನ್ ಶತ್ರುವಿನ ರನ್‌ವೇಗೆ ಬಾಂಬ್ ಹಾಕಬೇಕಿತ್ತು. ಅದನ್ನು ಬಿಟ್ಟು ಆಕಾಶದಲ್ಲಿದ್ದ ಎರಡು ವಿಮಾನಗಳ ಬೆನ್ನು ಹತ್ತಿದ್ದ. ಅಷ್ಟರಲ್ಲಿ ಶತ್ರುವಿನ ಉಳಿದ ವಿಮಾನಗಳು ಮೇಲೆದ್ದು ಇವರ ನೆಲೆಯನ್ನೇ ಪುಡಿಮಾಡಿದ್ದವು.

ಈಗ ಇಬ್ಬರ ವಿಮಾನಗಳೂ ಇಂಧನ ಮುಗಿಯುತ್ತಾ ಮರಳುತ್ತಿದ್ದವು. ಪುಡಿಯಾದ ನೆಲೆಯಲ್ಲಿ ಉಳಿದಿದ್ದು ಒಂದೇ ರನ್‌ವೇ. ಎರಡೂ ಪಡೆಗಳು ಇಳಿಯುವಷ್ಟು ಹೊತ್ತಿರಲಿಲ್ಲ. ಈ ಆಟದಲ್ಲಿ ಕಳೆದುಕೊಂಡ ಪಡೆ ಮತ್ತೆ ಸಿಗುವುದಿಲ್ಲ. ಪ್ರಣಮ್ಯಾ ತನ್ನದನ್ನು ವರ್ಷವಿಡೀ ಕಟ್ಟಿದ್ದಳು. ಆದರೆ ಮಿಥುನನ ವಿಮಾನಗಳು ಮುಂದಿದ್ದವು.

"ಇಳಿಸ್ಕೋ! ಯಾವಾಗ್ಲೂ ನಿಂದೇ ಮೊದಲು ತಾನೇ?"

"ಪೋಡಿ, ಹೋಗೇ," ಎಂದ ಮಿಥುನ್. ಅವನ ಮೌಸ್ ಮೆಲ್ಲನೆ ಸರಿಯಿತು. ಅವನ ವಿಮಾನಗಳು ಒಂದೊಂದಾಗಿ ಸಮುದ್ರದ ಕಡೆ ತಿರುಗಿ ನೀರಿಗೆ ಬಿದ್ದವು.

"ಯಾರು ಕೇಳಿದ್ರು ನಿನ್ನ?" ಪ್ರಣಮ್ಯಾ ಇನ್ನಷ್ಟು ಜೋರಾಗಿ ಕಿರುಚಿದಳು.

"ಆಮೇಲೆ ಬೈಯೇ. ಮೊದ್ಲು ಇಳಿಸು."

ಬೈಯುತ್ತಲೇ, ಬಹಳ ಜೋಪಾನವಾಗಿ, ಅವಳು ಮೊದಲ ವಿಮಾನವನ್ನು ಇಳಿಸಿದಳು.